ಎದುರಾಳಿಯ ಪರವಾಗಿ ಮೊದಲು

ಆ ಶನಿವಾರ ಪ್ರೊಫೆಸರ್ ಅಮಾಸಾ ವಿಟ್ಲಾಕರಿಗೆ ಕಾಲೇಜಿನ ಮೆಟ್ಟಿಲು ಹತ್ತುವಷ್ಟರಲ್ಲೇ ಸಾಕುಸಾಕಾಗಿತ್ತು. ಮೇಲೆ ಅಧ್ಯಾಪಕರ ಸಭೆ. ಅವರು ತಲೆ ನರೆಯುವವರೆಗೆ ಕಲಿಸಿದ ತತ್ವಶಾಸ್ತ್ರದ ಇತಿಹಾಸದ ತರಗತಿಯನ್ನು ಮುಚ್ಚಿ, ಆ ಕೋಣೆಯನ್ನು ಮನಶ್ಶಾಸ್ತ್ರದ ಪ್ರಯೋಗಾಲಯಕ್ಕೆ ಕೊಡಬೇಕೇ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಕೋಣೆ ಕೇಳಿದವನು ಬೇರೆ ಯಾರೂ ಅಲ್ಲ, ಅವರದೇ ಹಳೆಯ ಶಿಷ್ಯ ಹಾರ್ಲನ್ ಬೀಕ್ರಾಫ್ಟ್.

ವಿಟ್ಲಾಕರ ತರಗತಿಯಲ್ಲಿ ಒಂದು ಕಟ್ಟಳೆ. ಯಾವ ದಾರ್ಶನಿಕನನ್ನೂ, ಅವನು ಸತ್ತು ಎರಡು ಸಾವಿರ ವರ್ಷವಾಗಿದ್ದರೂ, ನೇರವಾಗಿ ತಪ್ಪೆನ್ನುವಂತಿಲ್ಲ. ಮೊದಲು ಅವನ ಪರವಾಗಿ, ಅವನೇ ಎದ್ದು ಬಂದು 'ಹೌದಪ್ಪ, ನಾನಂದದ್ದು ಇದನ್ನೇ' ಎನ್ನುವಂತೆ ಮಾತಾಡಬೇಕು. ಜಗಳ ಆಮೇಲೆ. ಹಿಂದಿನವರೆಲ್ಲರ ಮೂಲಕ ಒಂದೇ ಮನಸ್ಸು ಯೋಚಿಸುತ್ತಿದೆ, ಒಬ್ಬನ ಅರ್ಧ ಸತ್ಯಕ್ಕೆ ಮುಂದಿನವನು ಮಿಕ್ಕದ್ದನ್ನು ಸೇರಿಸುತ್ತಾನೆ ಎಂದು ಅವರು ನಂಬಿದ್ದರು. ಆ ಅರ್ಧವನ್ನೇ ಕೇಳಿಸಿಕೊಳ್ಳದವನು ಸೇರಿಸುವುದೇನನ್ನು, ಮಣ್ಣನ್ನೇ?

ಸಭೆಯಲ್ಲಿ ಬೀಕ್ರಾಫ್ಟ್ ಮನಸ್ಸಿನ ವೇಗ ಅಳೆಯುವ ತನ್ನ ಹಿತ್ತಾಳೆಯ ಯಂತ್ರಗಳ ವಿಷಯ ಹೇಳುತ್ತ ತಡವರಿಸಿ ಕೂತುಬಿಟ್ಟ. ಯಾರೂ ಒಪ್ಪಿದಂತೆ ಕಾಣಲಿಲ್ಲ. ವಿಟ್ಲಾಕ್ ಬಾಯಿ ಮುಚ್ಚಿಕೊಂಡಿದ್ದಿದ್ದರೆ ತರಗತಿ ಉಳಿಯುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

"ಮೊದಲು ಹಾರ್ಲನ್ ಪರವಾಗಿ ನಾನೇ ಮಾತಾಡ್ತೀನಿ," ಎಂದು ಎದ್ದರು. "ಸತ್ತೋರ ಮನಸ್ಸಲ್ಲಿ ಹೀಗಿತ್ತು ಅಂತ ಮೇಷ್ಟ್ರು ಹೇಳ್ತಾರೆ, ಹುಡುಗರು ಬರ್ಕೊತಾರೆ. ಅದು ನಿಜಾನೋ ಸುಳ್ಳೋ, ಪರೀಕ್ಷೆ ಮಾಡೋರು ಯಾರು? ಬದುಕಿರೋ ಮನಸ್ಸುಗಳು ಅದೇ ತರಗತಿಯ ಬೆಂಚಿನ ಮೇಲೆ ಕೂತಿವೆ. ಅವನ್ನ ಯಾರೂ ಮಾತಾಡಿಸ್ತಿಲ್ಲ."

ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು.

"ಸರಿಯಾಗಿ ಹೇಳಿದ್ನೇನಪ್ಪಾ?"

"ನನಗಿಂತ ಚೆನ್ನಾಗಿ ಹೇಳಿದ್ರಿ, ಸರ್."

ಇನ್ನು ತಮ್ಮ ಉತ್ತರ ಹೇಳಬೇಕೆಂದು ವಿಟ್ಲಾಕ್ ನೀರಿನ ಲೋಟ ಎತ್ತಿದರು. ಅಷ್ಟರಲ್ಲಿ ಕಾಲೇಜಿನ ಅಧ್ಯಕ್ಷರು, "ಗುರು ಶಿಷ್ಯರು ಒಂದಾದ್ರಲ್ಲ, ಇನ್ನೇನು! ಮನೇಲಿ ಶನಿವಾರದ ಊಟಕ್ಕೆ ಬೇಯಿಸಿಟ್ಟ ಬೀನ್ಸ್ ಆರ್ತಾ ಇರುತ್ತೆ. ಕೋಣೆ ಹಾರ್ಲನ್‌ಗೆ ಅನ್ನೋರು ಕೈ ಎತ್ತಿ, ನೋಡೋಣ," ಎಂದರು. ಕೈಗಳು ಎದ್ದವು, ಬೀಕ್ರಾಫ್ಟನದೂ ಎದ್ದಿತು. 'ತಡೀರಿ' ಎನ್ನಲು ವಿಟ್ಲಾಕರಿಗೆ ತ್ರಾಣವೇ ಇರಲಿಲ್ಲ. ಅಳು ಬಂದಂತಾಯಿತು, ಅಳುವುದಕ್ಕೂ ಬೇಸರವಾಯಿತು.

ಹೊರಗೆ ಕರಗಿದ ಹಿಮದ ಕೆಸರಲ್ಲಿ ಬೀಕ್ರಾಫ್ಟ್ ಹಿಂದಿನಿಂದ ಓಡಿಬಂದ.

"ಸರ್, ನಿಮ್ಮ ಉತ್ತರ ಯಾರೂ ಕೇಳಲೇ ಇಲ್ಲ. ಅನ್ಯಾಯ ಇದು."

"ನೀನೇ ಎದ್ದು ನನ್ನ ಪರವಾಗಿ ಹೇಳಬಹುದಿತ್ತಲ್ಲೋ. ಅದೇ ಕೋಣೇಲಿ ವರ್ಷಗಟ್ಟಲೆ ಕೂತಿದ್ದವನು."

ಬೀಕ್ರಾಫ್ಟ್ ಟೋಪಿ ತೆಗೆದ. "ಹೇಳೋಕೆ ನೋಡಿದೆ ಸರ್. ಗ್ರೀಕರದ್ದೆಲ್ಲ ನೆನಪಿಗೆ ಬಂತು. ನಿಮ್ಮದು ಏನು ಅಂತ ಮಾತ್ರ ಹೊಳೀಲಿಲ್ಲ. ನೀವು ಯಾವಾಗ್ಲೂ ಬೇರೆಯವರ ಪರವಾಗೇ ಮಾತಾಡ್ತಿದ್ರಿ. ಈಗ ಹೇಳಿ, ಕೇಳ್ತೀನಿ."

ವಿಟ್ಲಾಕ್ ಬಾಯಿ ತೆರೆದರು. "ಇದಕ್ಕೆ ಆಕ್ಷೇಪ ಎತ್ತೋರು ಏನಂತಾರೆ ಅಂದ್ರೆ..." ಎಂದು ಶುರುಮಾಡಿ, ತಮ್ಮ ಮಾತು ತಮಗೇ ಕೇಳಿಸಿ, ನಿಲ್ಲಿಸಿದರು.

"ಹೋಗಲಿ ಬಿಡು," ಎಂದರು. "ನೀನು ಕೈ ಎತ್ತಿದ್ದೇ ಸರಿ."