ಬೇಲೂರಿನ ಗೇರ್ ಬಾಕ್ಸು

ದೇವರಾಜನ ಕೆಂಪು ಸ್ಪೋರ್ಟ್ಸ್ ಕಾರಿಗೆ ಅವನಿಗಿಂತ ಹೆಚ್ಚು ವಯಸ್ಸು. ಇರುವುದು ಎರಡೇ ಸೀಟು. ಡಿಕ್ಕಿಯಲ್ಲಿ ಸ್ಟೆಪ್ನಿ ಇಟ್ಟರೆ ಒಂದು ಟವೆಲ್ಲಿಗೂ ಜಾಗವಿಲ್ಲ. ಮೂರನೇ ಗೇರು ನಿಲ್ಲುತ್ತಿರಲಿಲ್ಲ. ಹಾಕಿದ ಮೇಲೆ ಯಾರಾದರೂ ಹಿಡಿದುಕೊಂಡಿರಬೇಕು. ಆ ಕೆಲಸ ಹೆಂಡತಿ ಮಾಲಿನಿಯದು. ಹಿಂದೊಮ್ಮೆ ಕಣಕಟ್ಟೆಯ ಹತ್ತಿರ ಕಾರು ಕೆಟ್ಟು ನಿಂತು, ಅವಳು ರೇಷ್ಮೆ ಸೀರೆ ಎತ್ತಿ ಹಿಡಿದು ಬಸ್ಸು ಹತ್ತಿ ಮದುವೆಗೆ ಹೋಗಬೇಕಾಯಿತು.

ಹಾಗಾಗಿ ಈ ಭಾನುವಾರ ಹಳೆಯ ಗಾಡಿಗಳ ಗೆಳೆಯರನ್ನು ನೋಡಲು ಅರಸೀಕೆರೆ ಬಿಡುವಾಗಲೇ ಅವಳು ಹೇಳಿದಳು. “ಇದರಲ್ಲೇ ಹೋಗಿ ಇದರಲ್ಲೇ ನಾನು ಮನೆಗೆ ಬಂದ್ರೆ ಕಾರು ಇರ್ಲಿ. ಈ ಸಲಾನೂ ನನ್ನ ಬಸ್ಸು ಹತ್ತಿಸಿದ್ರೆ ಮಾರಿಬಿಡ್ಬೇಕು.”

“ಆಯ್ತು ಕಣೇ,” ಎಂದು ದೇವರಾಜ ಒಪ್ಪಿದ.

ಹಳೇಬೀಡಿನಲ್ಲಿ ಹಳೆಯ ಜೀಪು ಸಾಕಿಕೊಂಡಿರುವ ರೈತ ರಾಮಣ್ಣನ ಮನೆ. ಗಂಡಸರಿಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿದವರು ಮೇಲೆತ್ತಲಿಲ್ಲ.

“ನೀನು ಬಾರವ್ವ, ರೊಟ್ಟಿ ಐತೆ,” ಎಂದು ರಾಮಣ್ಣನ ಹೆಂಡತಿ ಮುದ್ದಮ್ಮ ಮಾಲಿನಿಯನ್ನು ಕರೆದಳು. “ಇವ್ರು ಗ್ರೀಸು ನೆಕ್ಕಿಕೊಂಡಿರ್ಲಿ.”

ಹೊರಡುವಾಗ ಮುದ್ದಮ್ಮ ಒಂದು ಕುಂಬಳಕಾಯಿ ತಂದಳು. ಜಾಗವಿಲ್ಲವೆಂದರೆ ಕೇಳಲಿಲ್ಲ. “ಮಡ್ಲು ಐತಲ್ಲ,” ಎಂದು ಮಾಲಿನಿಯ ತೊಡೆಯ ಮೇಲಿಟ್ಟಳು. ಬೇಲೂರಿನವರೆಗೂ ಮಾಲಿನಿಯ ಒಂದು ಕೈ ಕುಂಬಳಕಾಯಿಯ ಮೇಲೆ, ಇನ್ನೊಂದು ಗೇರಿನ ಮೇಲೆ.

ಬೇಲೂರಿನ ಇಂದುಧರ ತನ್ನ ಕಾರನ್ನು ಎಂದೋ ಮಾರಿದ್ದ. ಅದರದೊಂದು ಗೇರ್ ಬಾಕ್ಸು ಮಾತ್ರ ಶೆಡ್ಡಿನಲ್ಲಿ ಉಳಿದಿತ್ತು. ನೋಡಿದರೆ ದೇವರಾಜನ ಕಾರಿನದೇ ಜಾತಿ. ಊರೂರು ಹುಡುಕಿ ಸಿಗದ ವಸ್ತು.

“ತಗೊಂಡು ಹೋಗಿ ಸಾರ್,” ಎಂದ ಇಂದುಧರ. “ಆದ್ರೆ ಇವತ್ತೇ ಒಯ್ಯಬೇಕು. ಹಾಸನದೋರೊಬ್ರು ನಾಳೆ ಬೆಳಿಗ್ಗೆ ಬರ್ತಾರೆ. ಬಂದೋರಿಗೆ ಇಲ್ಲ ಅನ್ನೋಕಾಗಲ್ಲ.”

ದೇವರಾಜ ಡಿಕ್ಕಿ ಅಳೆದ. ಸ್ಟೆಪ್ನಿ ತೆಗೆದು ಮತ್ತೆ ಅಳೆದ. ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ್ನು ಕೇಳಿದ. ಎಣ್ಣೆ ಸೋರುವ ಕಬ್ಬಿಣ ಹತ್ತಿಸುವುದಿಲ್ಲವೆಂದು ಆತ ಕೈಯಾಡಿಸಿದ. ಉಳಿದದ್ದು ಮಾಲಿನಿಯ ಸೀಟೊಂದೇ. ಗೇರ್ ಬಾಕ್ಸು ಒಯ್ದರೆ ಕಾರು ಹೋಗುತ್ತದೆ, ಕಾರು ಉಳಿಸಿಕೊಂಡರೆ ಗೇರ್ ಬಾಕ್ಸು ಹೋಗುತ್ತದೆ. ಅವನು ಜಗಲಿಯ ಮೇಲೆ ಕೂತುಬಿಟ್ಟ.

ಮಾಲಿನಿ ಕಾಫಿ ಮುಗಿಸಿ ಲೋಟ ಕೆಳಗಿಟ್ಟಳು. “ಕೀ ಕೊಡಿ.”

“ಯಾಕೆ?”

“ನಾನು ಕಾರಲ್ಲೇ ಮನೆಗೆ ಹೋಗ್ತೀನಿ. ನೀವು ಬಸ್ಸಲ್ಲಿ ಬನ್ನಿ. ನಿಮ್ಮ ವಿಷಯ ನಾನೇನೂ ಹೇಳಿರಲಿಲ್ವಲ್ಲ.”

ದಿನಾ ಶಾಲೆಗೆ ಮನೆಯ ಇನ್ನೊಂದು ಕಾರನ್ನು ಓಡಿಸುವವಳು ಅವಳು. ಆದರೆ ಈ ಕಾರಿನ ಸ್ಟೀರಿಂಗನ್ನು ದೇವರಾಜ ಇದುವರೆಗೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

“ಮೂರನೇ ಗೇರು ಹಾರುತ್ತೆ ಕಣೇ,” ಎಂದ ಮೆಲ್ಲಗೆ.

“ಇಷ್ಟು ದಿನ ಹಿಡ್ಕೊಂಡಿದ್ದು ಯಾರು?”

ಕುಂಬಳಕಾಯಿ ಇಂದುಧರನ ಮನೆಗಾಯಿತು. ಗೋಣಿಚೀಲ ಹಾಸಿ, ಗೇರ್ ಬಾಕ್ಸನ್ನು ಸೀಟಿನಲ್ಲಿ ಕೂರಿಸಿ, ಹಗ್ಗ ಬಿಗಿದರು. ಮಾಲಿನಿ ಹೊರಟಳು. ದೇವರಾಜ ಕಾರಿನ ಸದ್ದು ಅಡಗುವವರೆಗೂ ನಿಂತಿದ್ದು, ಬಸ್ಸು ಹತ್ತಿದ.

ಜಾವಗಲ್ಲಿನ ಹತ್ತಿರ ಬಸ್ಸು ಕಾರಿನ ಪಕ್ಕಕ್ಕೆ ಬಂತು. ಜನ ಕಿಟಕಿಗೆ ಮುಗಿಬಿದ್ದರು. ಕಂಬ ಹಿಡಿದು ನಿಂತಿದ್ದ ದೇವರಾಜ ಬಗ್ಗಿ ನೋಡಿದ. ಏರಿನಲ್ಲಿ ಕಾರು ಮೂರನೇ ಗೇರಿಗೆ ಬಿದ್ದ ಸದ್ದು ಕೇಳಿಸಿತು. ಹಾರಲಿಲ್ಲ. ಮಾಲಿನಿಯ ಎರಡು ಕೈಯೂ ಸ್ಟೀರಿಂಗಿನ ಮೇಲೇ ಇದ್ದವು. ತನ್ನ ಕೈಯಲ್ಲಿ ಒಮ್ಮೆಯೂ ನಿಲ್ಲದ ಗೇರು ಅವಳಿಗೆ ನಿಂತಿತ್ತು; ಅವನಿಗೆ ಅದೇ ಸಂಕಟವಾಯಿತು.

“ಯಾರ್ದೋ ಏನೋ, ಕಾರು ಭಾರಿ ಐತೆ,” ಎಂದರು ಪಕ್ಕದ ಸೀಟಿನ ಮುದುಕರೊಬ್ಬರು.

“ನಂದೇ,” ಎಂದ ದೇವರಾಜ.

“ಮತ್ತೆ ನೀವ್ಯಾಕೆ ಬಸ್ಸಲ್ಲಿ?”

“ಅದರಲ್ಲಿ ಸೀಟಿರಲಿಲ್ಲ.”

ಮುದುಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸರಿದು ಜಾಗ ಕೊಟ್ಟರು.