ಗಡಿ ಸೇತುವೆಯ ಕೆಂಪು ಬಾವುಟ

೧೯೭೪ರ ಏಪ್ರಿಲ್‌ನಲ್ಲಿ ಸರ್ಕಾರ ನಮ್ಮ ಮೈರಿಯೊನಿದ್ ಜಿಲ್ಲೆಯನ್ನು ಅಳಿಸಿಹಾಕಿ, ಪಕ್ಕದ ಜಿಲ್ಲೆಗಳ ಜೊತೆ ಸೇರಿಸಿ ಬೇರೆ ಹೆಸರಿಟ್ಟಿತು. ಸಾವಿರದೈನೂರು ವರ್ಷಗಳ ಹಿಂದೆ ಮೈರಿಯನ್ ಎಂಬ ರಾಜಕುಮಾರನ ಪಾಲಿಗೆ ಬಂದ ಸೀಮೆಯಂತೆ ಇದು. ಅವನ ಹೆಸರೇ ನಮ್ಮ ಜಿಲ್ಲೆಯ ಹೆಸರಾಗಿ ಉಳಿದಿತ್ತು.

ನಮ್ಮೆಜಮಾನರು ಇಥೆಲ್ ಆ ಜಿಲ್ಲೆಯ ರಸ್ತೆಗಳನ್ನು ಮೂವತ್ತೊಂದು ವರ್ಷ ರಿಪೇರಿ ಮಾಡಿದವರು. ಜಿಲ್ಲೆಯ ಗಡಿ ಸೇತುವೆಯಲ್ಲಿದ್ದ ಹಳೇ ಹೆಸರಿನ ಬೋರ್ಡು ಕಿತ್ತ ಮೇಲೆ, ಪ್ರತಿ ಶನಿವಾರ ರಸ್ತೆ ಕೆಲಸದ ಕೆಂಪು ಬಾವುಟ ಹಿಡಿದು ಅಲ್ಲಿ ನಿಂತು ಗಾಡಿಗಳನ್ನು ತಡೆಯುತ್ತಿದ್ದರು. "ಮೈರಿಯೊನಿದ್ ಅನ್ನಿ, ಬಿಡ್ತೀನಿ!" ಜನ ನಗುತ್ತಾ ಹೇಳಿ ಹೋಗುತ್ತಿದ್ದರು. ಅಯ್ಯೋ, ನಾನೂ ನಕ್ಕವಳೇ.

ಅಕ್ಟೋಬರ್‌ನಲ್ಲಿ ಸೇತುವೆಯ ಕಮಾನಿನಡಿ ಬಿರುಕು ಕಂಡಿತು. ಇವರು ಅದಕ್ಕೆ ಅಡ್ಡಲಾಗಿ ತೆಳುವಾದ ಸ್ಲೇಟುಕಲ್ಲಿನ ಚೂರನ್ನು ಗಾರೆಯಲ್ಲಿ ಕೂರಿಸಿದರು. ಕಮಾನು ಜರುಗಿದರೆ ಚೂರು ಮುರಿಯುತ್ತದೆ. ಮೊದಲನೆಯದು ಮೂರು ವಾರಕ್ಕೆ ಮುರಿಯಿತು, ಎರಡನೆಯದು ನಾಲ್ಕೇ ದಿನಕ್ಕೆ. ಅಳಿಯ ಎಮ್ಲಿನ್ ದಿನಾ ಬೆಳಿಗ್ಗೆ ಹಾಲಿನ ಲಾರಿ ಓಡಿಸುತ್ತಿದ್ದುದು ಅದರ ಮೇಲೆಯೇ.

"ಕಚೇರಿಗೆ ಬರೀರಿ!"

"ಬರ್ದಿದ್ದೆ. ಹೊಸ ಜಿಲ್ಲೆ ಹೆಸರು ತುಂಬಿ ಕಳ್ಸಿ ಅಂತ ವಾಪಸ್ ಬಂತು."

"ತುಂಬಿ ಮತ್ತೆ!"

"ಈ ಕೈಯಲ್ಲಿ ಆ ಹೆಸರು ಬರಿಯಲ್ಲ ಕಣೆ, ಎಲುನೆಡ್."

"ನಿಮ್ಮ ಹಟಕ್ಕಿಷ್ಟು ಬೆಂಕಿ ಹಾಕ! ಮಗಳ ಸಂಸಾರ ಮುಳುಗಿದ ಮೇಲೆ ಬರೀತೀರಾ?"

ಬಿರುಕಿನ ವಿಷಯ ಎಮ್ಲಿನ್‌ಗೂ ಹೇಳಿದೆ. "ಬಿಡಿ ಅತ್ತೆ, ಗಾಡಿ ತಡಿಯೋಕೆ ಮಾವನಿಗೆ ಇನ್ನೊಂದು ನೆಪ ಸಿಕ್ತು," ಎಂದು ನಕ್ಕುಬಿಟ್ಟ.

ಮೂರನೆಯ ಚೂರು ಸಂಜೆ ಕೂರಿಸಿದ್ದು ಬೆಳಗಾಗುವಷ್ಟರಲ್ಲಿ ಎರಡಾಗಿತ್ತು. ಅಂದು ಶನಿವಾರ. ಇವರು ಕೂತು, ಹಲ್ಲು ಕಚ್ಚಿ, ಅರ್ಜಿಯಲ್ಲಿ ಹೊಸ ಹೆಸರು ತುಂಬಿದರು. ಅದನ್ನು ಜೇಬಿಗಿಟ್ಟು, ಬಾವುಟ ಎತ್ತಿಕೊಂಡು ಸೇತುವೆಗೆ ಓಡಿದರು. ಹಿಂದೆಯೇ ನಾನೂ ಓಡಿದೆ.

ಲಾರಿ ಬಂತು. ಇವರು ನಡುರಸ್ತೆಯಲ್ಲಿ ನಿಂತು ಹುಚ್ಚರಂತೆ ಬಾವುಟ ಬೀಸಿದರು. ಎಮ್ಲಿನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಆಯ್ತು ಮಾವ, ಆಯ್ತು! ಮೈರಿಯೊನಿದ್! ಮೈರಿಯೊನಿದ್! ಸಾಕಾ?"

ಹಾರ್ನ್ ಬಾರಿಸುತ್ತಾ ಇವರನ್ನು ಬಳಸಿಕೊಂಡು ಹೋದ. "ನಿಲ್ಲೋ, ನನ್ನಪ್ಪಾ!" ಎಂದು ಇವರು ಕೂಗಿದ್ದು ಆ ಸದ್ದಿನಲ್ಲಿ ಕೇಳಲಿಲ್ಲ. ಲಾರಿ ಅರ್ಧ ದಾಟಿತ್ತು, ಅಷ್ಟೆ, ಅಡಿಯ ಕಮಾನು ಕುಸಿಯಿತು.

ಅಂಚೆಗೆ ಹಾಕದ ಆ ಅರ್ಜಿ ಈಗಲೂ ಕಪಾಟಿನಲ್ಲಿದೆ. ಮಗಳು ನಮ್ಮ ಜೊತೆಯೇ ಇದ್ದಾಳೆ. ಅವಳ ಮುಂದೆ ಹಳೆಯದಿರಲಿ, ಹೊಸದಿರಲಿ, ಜಿಲ್ಲೆಯ ಹೆಸರನ್ನು ನಾವ್ಯಾರೂ ಎತ್ತುವುದಿಲ್ಲ.