ಲಿಯೋನಿಯ ಮಾತು ಮುಗಿಯುವವರೆಗೆ

ಫ್ರಿಜ್ಜಿನ ಸದ್ದು ನಿಂತಿತು, ನಿಂತಾಗಲೇ ಗೊತ್ತಾಗುವುದು ಇಷ್ಟು ಹೊತ್ತು ಅದು ಗುಂಯ್ಗುಡುತ್ತಿತ್ತೆಂದು, ಅಮ್ಮನೂ ಹಾಗೆಯೇ, ಈ ಅಡುಗೆಮನೆಯಲ್ಲಿ ಸದಾ ಗೊಣಗುತ್ತಿದ್ದವಳು ಈ ಚಳಿಗಾಲದಲ್ಲಿ ನಿಂತೇಹೋದಳು — ಈಗ ಮೇಜಿನ ಮೇಲೆ ಫೋನು, ಪಕ್ಕದಲ್ಲಿ ಸ್ಟ್ರಾ ಹಾಕಿಟ್ಟ ಚಹಾ, ಅದೂ ಆರಿಹೋಗಿದೆ, ಗಾಲಿಕುರ್ಚಿಯಲ್ಲಿ ಲಿಯೋನಿ, ಹುಟ್ಟಿದಾಗಿನಿಂದ ಕೈಕಾಲು ಅವಳ ಮಾತು ಕೇಳಿದ್ದಿಲ್ಲ, ನಾಲಿಗೆ ಕೇಳಿದರೂ ಎಳೆದೆಳೆದು ಕೇಳುತ್ತದೆ. ಫೋನ್ ಮಾಡಬೇಕು. ಬೆಳಗ್ಗೆ ಎಬ್ಬಿಸಿ ಸ್ನಾನ ಮಾಡಿಸುವ ಡ್ಯಾರೆಲ್ ಕಳೆದ ಗುರುವಾರ ಬರಲೇ ಇಲ್ಲ, ಅವತ್ತು ಮಧ್ಯಾಹ್ನದವರೆಗೆ ಹಾಸಿಗೆಯಲ್ಲೇ ಬಿದ್ದಿದ್ದಳು, ಆದರೂ ಅವನನ್ನು ಕಳಿಸುವ ಏಜೆನ್ಸಿ ಗುರುವಾರಕ್ಕೂ ಬಿಲ್ ಹಾಕಿದೆ, ಅಮ್ಮ ಇದ್ದಿದ್ದರೆ ಕಟ್ಟಿಬಿಡುತ್ತಿದ್ದಳು, ಹೋಗ್ಲಿ ಬಿಡೇ, ಗಲಾಟೆ ಮಾಡಿದ್ರೆ ನಾಳೆ ಯಾರೂ ಬರಲ್ಲ, ಆಮೇಲೆ ನಿನ್ನ ಎತ್ತೋರು ಯಾರು — ಆರೈಕೆಗೆಂದು ಸರ್ಕಾರ ಕೊಡುವ ಹಣವನ್ನೆಲ್ಲ ಅಮ್ಮನೇ ನೋಡಿಕೊಳ್ಳುತ್ತಿದ್ದಳು, ಅಮ್ಮ ತೀರಿಕೊಂಡ ಮೇಲೆ ಆ ಹಣದ ಕಚೇರಿಯಿಂದ ಬಂದ ಹುಡುಗಿ ಲಿಯೋನಿಯ ಮುಖ ಬಿಟ್ಟು ಕುರ್ಚಿಯ ಹಿಡಿಕೆ ನೋಡುತ್ತ, ಇದನ್ನೆಲ್ಲ ನಡೆಸೋಕೆ ಬೇರೆಯವರಿದಾರೆ, ನಿಮಗ್ಯಾಕೆ ತಲೆನೋವು ಅಂದಳು, ಆಗ ಯಾರೋ ನಾನೇ ನೋಡ್ಕೋತೀನಿ ಅಂದರು, ಆ ಯಾರೋ ತಾನೇ ಎಂದು ಆಮೇಲೆ ತಿಳಿಯಿತು.

ಇದನ್ನು ಕೇಳಿ ನೆವೆಂಕಾ ನಕ್ಕಿದ್ದಳು, ಬುಧವಾರ ಗ್ರಂಥಾಲಯದಲ್ಲಿ ಸೇರುವ ಅಂಗವಿಕಲರ ಗುಂಪಿನಲ್ಲಿ ಅವಳೇ ಗಟ್ಟಿಗಿತ್ತಿ, ಕಣ್ಣು ಕಾಣದಿದ್ದರೂ ತನ್ನ ಹಣ ತಾನೇ ನಡೆಸಿ ಪಳಗಿದವಳು, ಬಿಸ್ಕತ್ತು ಕಟಕಟ ಕಡಿಯುತ್ತ, ನಾನು ಮೊದಲು ಕೆಲಸದಿಂದ ತೆಗೆದದ್ದು ಯಾರನ್ನ ಗೊತ್ತಾ, ನಮ್ಮ ನಾದಿನೀನ, ಈಗ್ಲೂ ಕ್ರಿಸ್‌ಮಸ್ ಊಟಕ್ಕೆ ಕರೆಯಲ್ಲ, ಪುಣ್ಯ ಕಣೇ, ಅವಳ ಕೈ ಅಡುಗೆ ತಪ್ತು — ನೀನೀಗ ಯಜಮಾನಿ ಲಿಯೋನಿ, ಯಜಮಾನಿ ನಿಧಾನಕ್ಕೆ ಮಾತಾಡಿದ್ರೆ ಕೇಳೋರು ಕಾಯ್ಬೇಕು. ಕಾಯಲಿ. ಬೆರಳಿನ ಗೆಣ್ಣಿನಿಂದ ಒಂದೊಂದೇ ಅಂಕಿ ಒತ್ತುತ್ತಾಳೆ, ಏಜೆನ್ಸಿಯ ಹೆಂಗಸೊಬ್ಬಳು ಎತ್ತುತ್ತಾಳೆ, ಹಲೋ, ಹಲೋ ಯಾರಿದು, ಬೆಳಗ್ಗೆಯೇ ಕುಡಿದಿದೀರಾ, ಟಕ್. ಕಿಟಕಿಯಾಚೆ ಸೀಸ ಕರಗಿಸುವ ಕಾರ್ಖಾನೆಯ ಚಿಮಣಿ, ಅದರ ಹೊಗೆ ಇವತ್ತು ಸಮುದ್ರದ ಕಡೆಗೆ, ಒಳ್ಳೆಯದಾಯಿತು, ಬಟ್ಟೆ ಒಣಗಿಸಬಹುದು, ಇದೂ ಅಮ್ಮನದೇ ಮಾತು, ಹೆಗಲ ಹಿಂದೆ ಅಮ್ಮನ ಕೈ ಬಂದೇಬಿಟ್ಟಿತು, ಸಾಬೂನಿನ ವಾಸನೆಯ ಕೈ, ಕೊಡಿಲ್ಲಿ, ನಾನು ಮಾತಾಡ್ತೀನಿ, ನಿನ್ನದು ಅವರಿಗೆ ಅರ್ಥ ಆಗಲ್ಲ ಕಂದಾ, ಎಷ್ಟು ಸಲ ಕೊಟ್ಟಿಲ್ಲ, ದಂತವೈದ್ಯರ ಹತ್ತಿರ, ಬ್ಯಾಂಕಿನಲ್ಲಿ, ಒಮ್ಮೆ ಪ್ರೀತಿಸಿದವನು ಫೋನ್ ಮಾಡಿದಾಗಲೂ, ಮೊಣಕೈಯಿಂದ ಫೋನನ್ನು ಎದೆಯ ಹತ್ತಿರ ಎಳೆದುಕೊಂಡಳು, ಇಲ್ಲಮ್ಮ, ಕೊಡಲ್ಲ.

ಮತ್ತೆ ಒತ್ತಿದಳು. ಅದೇ ಹೆಂಗಸು, ಓಹ್, ಪಕ್ಕದಲ್ಲಿ ಯಾರಾದ್ರೂ ಇದಾರಾ ಪುಟ್ಟಾ, ಅವರಿಗೆ ಫೋನ್ ಕೊಡು. ಯಾರೂ ಇಲ್ಲ. ನಾನೇ. ಹಣ ಕೊಡೋಳೂ ನಾನೇ. ಎರಡು ಸಲ ಹೇಳಬೇಕಾಯಿತು, ಗದ್ದದ ಮೇಲೆ ಜೊಲ್ಲು ಇಳಿಯಿತು, ಒರೆಸಲಿಲ್ಲ, ಗುರುವಾರ ಅವನು ಬಂದಿಲ್ಲ, ಅದಕ್ಕೆ ಕೊಡಲ್ಲ, ಆ ಕಡೆ ಕೀಲಿಮಣೆಯ ಟಕಟಕ, ಸರಿ ಮೇಡಂ, ಅದನ್ನ ತೆಗೀತೀವಿ — ಮೇಡಂ — ಮತ್ತೆ, ಅವನು ಇನ್ನು ಬರೋದು ಬೇಡ. ಯಾಕೆ ಮೇಡಂ, ಏನಾದ್ರೂ ಆಯ್ತಾ. ಏನಾಯಿತು ಎಂದು ಇದುವರೆಗೆ ಯಾರು ಕೇಳಿದ್ದರು, ಹಿಂದಿನ ವರ್ಷದ ಚಳಿಯಲ್ಲಿ ನಲ್ಲಿ ತಿರುಗಿಸಿ, ಈಗ ಬಂದೆ ಅಂದ ಡ್ಯಾರೆಲ್ ಫೋನ್ ಹಿಡಿದು ಹೊರಗೆ ಹೋದ, ಬಿಸಿನೀರು ತೀರಿತು, ಬೆನ್ನ ಮೇಲೆ ತಣ್ಣೀರು, ಸ್ನಾನದ ಕುರ್ಚಿಗೆ ಬೆಲ್ಟು, ಬಾಯಿಂದ ಸದ್ದು ಹೊರಡಲಿಲ್ಲ, ಹಲ್ಲು ಕಟಕಟ, ಎದುರಿಗೆ ಕೊಕ್ಕೆಯಲ್ಲಿ ನೀಲಿ ಟವೆಲ್, ಕೈಚಾಚಿದರೆ ಒಂದು ಗೇಣು ಸಾಲದು, ಅಂಗಡಿಯಿಂದ ಬಂದ ಅಮ್ಮ ಅದೇ ಟವೆಲಿನಿಂದ ಉಜ್ಜಿದಳು, ಚರ್ಮ ಕಿತ್ತುಬರುವ ಹಾಗೆ, ಯಾರಿಗೂ ಹೇಳ್ಬೇಡ, ಅಂದಳು, ಹಾಗೆ ಉಜ್ಜಿದ್ದು ಕೋಪಕ್ಕಲ್ಲ, ಹೆದರಿಕೆಗೆ, ಅದು ಈಗ ಗೊತ್ತಾಗುತ್ತಿದೆ, ಅಮ್ಮ ಇಷ್ಟು ವರ್ಷ ಬರೀ ಹೆದರಿದ್ದಳು — ಎಲ್ಲ ಹೇಳಿದಳು, ಒಂದೊಂದೇ ಪದವಾಗಿ, ಆ ಹೆಂಗಸು ಫೋನ್ ಇಡಲಿಲ್ಲ, ಮಾತು ಮುಗಿಯುವವರೆಗೂ ಕೇಳಿ, ನನಗೆ ಗೊತ್ತಿರಲಿಲ್ಲ, ಮೇಲಿನವರಿಗೆ ತಿಳಿಸ್ತೀನಿ, ತಪ್ಪಾಯ್ತು ಅಂದಳು.

ಗೆದ್ದೆ ಅನ್ನಿಸಬೇಕಿತ್ತು. ಮಧ್ಯಾಹ್ನ ಐಲ್ಸಾ ಬಂದಳು, ಲಿಯೋನಿ ತಾನೇ ಮಾತಾಡಿ, ತಾನೇ ಮುಂಚೆಯೇ ಆರಿಸಿಟ್ಟಿದ್ದ ಮೊದಲ ಕೆಲಸದವಳು, ದಪ್ಪ ತೋಳು, ಹೆದರದ ಕಣ್ಣು, ಮುಖ ನೋಡಿ ಮಾತಾಡುತ್ತಾಳೆ, ನಿಮಗೆ ಹೇಗೆ ಬೇಕೋ ಹಾಗೆ ಹೇಳಿ, ನಾನು ಕಲಿತ್ಕೋತೀನಿ, ಸ್ನಾನದ ಮನೆಗೆ ಹೋದಳು, ನಲ್ಲಿ ಬಿಟ್ಟಳು, ಅಂಗೈ ಒಡ್ಡಿ ಬಿಸಿ ನೋಡಿದಳು, ಅಲ್ಲಿಂದಲೇ ಕೂಗಿದಳು, ಲಿಯೋನಿ, ಟವೆಲ್ ಎಲ್ಲಿ ಹಾಕ್ಲಿ? ಹೇಳಬೇಕು, ಹೇಳುವವಳು ತಾನೇ, ತೊಡೆಯ ಮೇಲೆ, ಕುರ್ಚಿಯ ತೋಳಿನ ಮೇಲೆ, ಎಲ್ಲಾದರೂ, ಬಾಯಿ ತೆರೆದಿದೆ, ನೀರಿನ ಸದ್ದು, ನಾಲಿಗೆ ಎಳೆಯುತ್ತಿದೆ, ಐಲ್ಸಾ ಕಾಯುತ್ತಿದ್ದಾಳೆ, ನೀರಿನ ಸದ್ದು, ಕಣ್ಣ ಮುಂದೆ ಮತ್ತೆ ಆ ಕೊಕ್ಕೆಯಲ್ಲಿ ನೀಲಿ ಟವೆಲ್, ಒಣಗಿದ್ದು, ಒಂದು ಗೇಣು ಆಚೆ, ನೀಲಿ ಟವೆಲ್ —